ಜೂನ್‌ನಲ್ಲಿ ಸ್ಕಾಟ್ಲೆಂಡ್, 10 ದಿನ, ಜೊತೆಗೆ ಅಮ್ಮ: ಏನೇನ್ ತುಂಬ್ಕೊಂಡು ಹೋಗ್ಬೇಕು?

ಚೀಲಭಾರ
ಎಲ್ರಿಗೂ ನಮಸ್ಕಾರ. ಜೂನ್ ಎರಡನೇ ವಾರ ಸ್ಕಾಟ್ಲೆಂಡಿಗೆ ಹೊರಟಿದೀವಿ, ನಾನು, ನಮ್ಮನೆಯವರು, ನಮ್ಮಮ್ಮ (ವಯಸ್ಸು 67, ಮಂಡಿ ಪರವಾಗಿಲ್ಲ, ಬಾಯಿ ಇನ್ನೂ ಗಟ್ಟಿಯಾಗಿದೆ). 3 ದಿನ ಎಡಿನ್‌ಬರ್ಗ್, ಆಮೇಲೆ ಕಾರ್ ತಗೊಂಡು ಗ್ಲೆನ್‌ಕೋ, ಫೋರ್ಟ್ ವಿಲಿಯಂ, ಸ್ಕೈ ದ್ವೀಪದಲ್ಲಿ 4 ರಾತ್ರಿ, ಇನ್ವರ್ನೆಸ್ ಮೇಲೆ ವಾಪಸ್.

ಫೋನಲ್ಲಿ ಹವಾಮಾನ ನೋಡಿದ್ರೆ ಒಂದೇ ದಿನಕ್ಕೆ ಬಿಸಿಲು, ಮೋಡ, ಮಳೆ, ಗಾಳಿ, ಮತ್ತೆ ಬಿಸಿಲು ಅಂತ ಐದು ಚಿತ್ರ ತೋರಿಸ್ತಿದೆ, ಸಂಜೆ ತೆಗೆದು ನೋಡಿದ್ರೆ ಐದೂ ಜಾಗ ಬದಲಾಯಿಸಿರುತ್ವೆ. ಹಾಗಾಗಿ ಎಲ್ಲದಕ್ಕೂ ಒಂದೊಂದು ಇರ್ಲಿ ಅಂತ ತುಂಬ್ತಾ ಹೋದೆ. ಸದ್ಯಕ್ಕೆ ಛತ್ರಿ 3, ನಮ್ಮಿಬ್ರಿಗೆ ಜೀನ್ಸ್ ತಲಾ 3, ದಪ್ಪ ಸ್ವೆಟರ್ ತಲಾ 2, ಮಂಡಿವರೆಗೆ ಬರೋ ಉಣ್ಣೆ ಕೋಟು ನಂದೊಂದು (ಫೋಟೋಗೆ ಚೆನ್ನಾಗಿರುತ್ತೆ ಅಂತ, ಸುಳ್ಳು ಯಾಕೆ ಹೇಳ್ಲಿ), ಕಾಟನ್ ಟೀಶರ್ಟ್ ಒಂದು ರಾಶಿ, ಸ್ಪೋರ್ಟ್ಸ್ ಶೂ. ಅಮ್ಮ ಸೀರೆ ಬಿಟ್ಟು ಬೇರೇನೂ ಉಡಲ್ಲ ಅಂತ ಕೂತಿದಾರೆ. ಮೂರು ಸೂಟ್‌ಕೇಸೂ ಈಗ್ಲೇ 21 ಕೆಜಿ ದಾಟಿದೆ, ಲಿಮಿಟ್ 23. ಏನು ತೆಗೀಲಿ, ಏನು ಮರ್ತಿದೀನಿ ಹೇಳಿ. ಮುಖ್ಯವಾಗಿ, ಛತ್ರಿನಾ ರೇನ್‌ಕೋಟಾ?

ಗಾಳಿಮಾತು
ಮೂರೂ ಛತ್ರಿ ಈಚೆ ತೆಗೀರಿ. ಮುಂದಿನ ಪ್ರಶ್ನೆ ಕೇಳಿ.

ಒದ್ದೆಕಾಲು
ಎರಡು ಸಲ ಹೋಗಿದೀನಿ, ಒಂದ್ಸಲ ವೆಸ್ಟ್ ಹೈಲ್ಯಾಂಡ್ ವೇ ಅನ್ನೋ ಕಾಲ್ದಾರಿ ಪೂರ್ತಿ 154 ಕಿಮೀ ನಡೆದಿದೀನಿ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಬೇಜಾರ್ ಮಾಡ್ಕೋಬೇಡಿ.

ಮೊದಲನೇದು, ನೀವು ಹೋಗ್ತಿರೋದು ಒಂದು ದೇಶ ಆದ್ರೂ ಹವಾಮಾನ ಎರಡು. ಎಡಿನ್‌ಬರ್ಗ್ ಪೂರ್ವದ ಕಡೆ, ಅಲ್ಲಿ ವರ್ಷಕ್ಕೆ ಹೆಚ್ಚುಕಮ್ಮಿ 700 ಮಿಮೀ ಮಳೆ ಅಷ್ಟೆ. ಪಶ್ಚಿಮದ ಬೆಟ್ಟಗಳ ಕಡೆ ಎಷ್ಟೋ ಜಾಗದಲ್ಲಿ 3000 ಮಿಮೀ ದಾಟುತ್ತೆ. ಅಟ್ಲಾಂಟಿಕ್ ಮೇಲಿಂದ ನೈಋತ್ಯದ ಗಾಳಿ ನೀರು ಹೊತ್ಕೊಂಡು ಬಂದು ಮೊದ್ಲು ಸಿಕ್ಕ ಬೆಟ್ಟದ ಮೇಲೆ ಕೊಡ ಬಗ್ಗಿಸುತ್ತೆ, ಪೂರ್ವಕ್ಕೆ ಬರೋಷ್ಟರಲ್ಲಿ ಕೊಡ ಖಾಲಿ. ಮೇ-ಜೂನ್ ಪಶ್ಚಿಮದಲ್ಲೂ ವರ್ಷದ ಒಣ ತಿಂಗಳುಗಳ ಲೆಕ್ಕಕ್ಕೇ ಬರುತ್ತೆ. ಒಣ ಅಂದ್ರೆ ಅವರ ಲೆಕ್ಕದಲ್ಲಿ.

ಎರಡನೇದು, ನೆಂದೇ ನೆನೀತೀರ, ಅದನ್ನ ಈಗ್ಲೇ ಒಪ್ಕೊಂಡ್ಬಿಡಿ. ಆಮೇಲೆ ಸೂಟ್‌ಕೇಸಿಂದ ಒಂದೊಂದೇ ಬಟ್ಟೆ ಎತ್ತಿ ಹಿಡಿದು ಒಂದೇ ಪ್ರಶ್ನೆ ಕೇಳಿ: ರಾತ್ರಿ ಎಂಟಕ್ಕೆ ಹಿಂಡಿ ನೇತುಹಾಕಿದ್ರೆ ಬೆಳಿಗ್ಗೆ ಎಂಟಕ್ಕೆ ಇದು ಒಣಗಿರುತ್ತಾ? ಗೊತ್ತಿಲ್ಲ ಅಂದ್ರೆ ಇವತ್ತೇ ಒದ್ದೆ ಮಾಡಿ ಬಾತ್‌ರೂಮಲ್ಲಿ ಬಾಗ್ಲು ಹಾಕಿ ನೇತುಹಾಕಿ, ಫ್ಯಾನ್ ಹಾಕ್ಬೇಡಿ, ಬಾಲ್ಕನಿ ಬಿಸಿಲಲ್ಲಿ ಟೆಸ್ಟ್ ಮಾಡಿದ್ರೆ ಅದು ಕಾಪಿ ಹೊಡೆದ ಹಾಗೆ. ಬೆಳಿಗ್ಗೆ ಹೊಲಿಗೆ ಇರೋ ಜಾಗ ಮುಟ್ಟಿ ನೋಡಿ. ತಣ್ಣಗಿದ್ರೆ ಬಟ್ಟೆ ಫೇಲು.

ನಿಮ್ಮ ಲಿಸ್ಟಲ್ಲಿ ಜೀನ್ಸ್ ಆರೂ ಫೇಲ್ ಆಗುತ್ತೆ. ನನ್ನ ಜೊತೆ ಬಂದಿದ್ದವನು ರಾನಕ್ ಮೂರ್ ಅನ್ನೋ ಬಯಲಲ್ಲಿ ಜೀನ್ಸ್ ಹಾಕ್ಕೊಂಡು ನಡೆದ, ಅಲ್ಲಿ ನಿಲ್ಲೋಕೆ ಒಂದು ಮರ ಇರಲ್ಲ, ಎರಡು ಗಂಟೆ ಜಿಟಿಜಿಟಿ ಮಳೆ. ಬಟ್ಟೆ ತೊಡೆಗೆ ಅಂಟ್ಕೊಂಡು ಒಂದೊಂದು ಹೆಜ್ಜೆಗೂ ಚರ್ಮ ಉಜ್ಜಿ ಕೆಂಪಾಗಿ ಸಂಜೆ ಕಾಲು ಅಗಲಿಸ್ಕೊಂಡೇ ಬಂದ. ಆ ಜೀನ್ಸು ಮೂರನೇ ದಿನ ಬೆಳಿಗ್ಗೆನೂ ಸೊಂಟದ ಪಟ್ಟೀಲಿ ತೇವ, ಜೇಬಿನೊಳಗೆ ನಾಯಿ ಮೈ ವಾಸನೆ. ಕೊನೆಗೆ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಬೆನ್ನ ಮೇಲೆ ಹೊತ್ತ, ಸುಮ್ನೆ ಒಂದೂವರೆ ಕೆಜಿ ನೀರು ಹೊತ್ತ ಹಾಗೆ.

ಹತ್ತಿಗೆ ನೀರು ಕುಡಿಯೋ ಚಟ, ಕುಡಿದ್ಮೇಲೆ ಬೆಚ್ಚಗಿಡೋ ಕೆಲ್ಸ ಬಿಟ್ಬಿಡುತ್ತೆ. ತೆಳು ಉಣ್ಣೆ ತನ್ನ ತೂಕದ ಶೇ 30ರಷ್ಟು ನೀರು ಒಳಗೆ ಎಳ್ಕೊಂಡ್ರೂ ಮೈಗೆ ಒದ್ದೆ ಅನ್ನಿಸಲ್ಲ, ಮೂರು ದಿನ ಹಾಕಿದ್ರೂ ನಾರಲ್ಲ. ಪಾಲಿಯೆಸ್ಟರ್ ಬೇಗ ಒಣಗುತ್ತೆ, ಆದ್ರೆ ಎರಡನೇ ದಿನವೇ ನಾರುತ್ತೆ. ನಾನು ಎರಡೂ ಒಂದೊಂದು ಇಟ್ಕೋತೀನಿ.

ಚೀಲಭಾರ
ಅಯ್ಯೋ ಆರೂ ಜೀನ್ಸಾ? ಹಾಗಾದ್ರೆ ಏನ್ ಹಾಕ್ಕೊಳ್ಳೋದು?

ಒದ್ದೆಕಾಲು
ತೆಳು ನೈಲಾನ್ ಟ್ರೆಕ್ ಪ್ಯಾಂಟ್ ತಲಾ 2, ಬೇಕಿದ್ರೆ ಜೀನ್ಸ್ ಒಂದು ಎಡಿನ್‌ಬರ್ಗ್‌ಗೆ. ಮೈಮೇಲೆ ಪದರ ಪದರವಾಗಿ: ಒಳಗೆ ತೆಳು ಉದ್ದ ತೋಳಿನ ಅಂಗಿ, ಮೇಲೆ ಫ್ಲೀಸ್, ಅದರ ಮೇಲೆ ಟೊಪ್ಪಿ ಇರೋ ನೀರು ನುಗ್ಗದ ಜಾಕೆಟ್. ಜೂನಲ್ಲಿ ಸ್ಕೈ ಕಡೆ ಹಗಲು 15-16 ಡಿಗ್ರಿ ಇರುತ್ತೆ, ರಾತ್ರಿ ಹತ್ತರ ಆಸುಪಾಸು. ಅಷ್ಟಕ್ಕೆ ದಪ್ಪ ಸ್ವೆಟರ್ ಬೇಡ. ಹತ್ತು ನಿಮಿಷಕ್ಕೊಂದ್ಸಲ ಹಾಕೋದು ತೆಗೆಯೋದು ನಡೀತಾನೇ ಇರುತ್ತೆ, ಒಂದೇ ದಪ್ಪ ಬಟ್ಟೆ ಆದ್ರೆ ಒಂದೋ ಬೆವರು ಇಲ್ಲಾ ನಡುಕ, ಮಧ್ಯ ಏನೂ ಇಲ್ಲ.

ಉಣ್ಣೆ ಕೋಟು ಫೋಟೋಗೆ ಚೆನ್ನಾಗೇ ಇರುತ್ತೆ. ನೆಂದ್ಮೇಲೆ ಯಾರು ಹೊರ್ತಾರೆ ಅಂತ ಮನೇಲೇ ತೀರ್ಮಾನ ಮಾಡ್ಕೊಂಡು ಹೊರಡಿ.

ದೋಣಿಗಾರ
ಛತ್ರಿಯೇ ಬೇಡ ಅಂತ ಹೇಳುದು ಜಾಸ್ತಿ ಆಯ್ತು ಮಾರಾಯ್ರೆ. ಊರೊಳಗೆ ತಿರುಗುವಾಗ ಒಂದು ಸಣ್ಣದು ಇದ್ದರೆ ಎಂತ ನಷ್ಟ? ಕನ್ನಡಕ ಹಾಕುವವರ ಕಷ್ಟ ನಿಮಗೆ ಗೊತ್ತಿಲ್ಲ. ಜಾಕೆಟಿನ ಟೊಪ್ಪಿ ಎಳೆದುಕೊಂಡರೂ ಗ್ಲಾಸಿನ ಮೇಲೆ ಹನಿ ಕೂತು ಎಲ್ಲ ದೀಪವೂ ನಕ್ಷತ್ರದ ಹಾಗೆ ಕಾಣ್ತದೆ.

ಗಾಳಿಮಾತು
ಸಾರ್, ಎಡಿನ್‌ಬರ್ಗ್‌ನ ರಾಯಲ್ ಮೈಲ್ ರಸ್ತೆಯಿಂದ ಆಚೀಚೆ ಇಳಿಯೋ ಗಲ್ಲಿಗಳಿವೆಯಲ್ಲ, ಗಾಳಿ ಅದರೊಳಗಿಂದ ಕೊಳವೇಲಿ ಊದಿದ ಹಾಗೆ ಬರುತ್ತೆ. 12 ಪೌಂಡ್ ಕೊಟ್ಟು ತಗೊಂಡ ಛತ್ರಿ ನಲವತ್ತು ನಿಮಿಷ ಬಾಳ್ತು. ಕಸದ ಡಬ್ಬಿಗೆ ಹಾಕಕ್ಕೆ ಹೋದ್ರೆ ಅದರೊಳಗೆ ಆಗ್ಲೇ ನಾಲ್ಕು ಛತ್ರಿ ಕಾಲು ಮೇಲೆ ಮಾಡ್ಕೊಂಡು ಮಲಗಿದ್ವು.

ಮೋಡಗಣ್ಣಿ
ನಾನೂ ಕನ್ನಡಕದವಳೇ. ಒಂದು ಕ್ರಿಕೆಟ್ ಕ್ಯಾಪ್ ಹಾಕ್ಕೊಂಡು ಅದರ ಮೇಲೆ ಜಾಕೆಟ್ ಟೊಪ್ಪಿ ಎಳ್ಕೊಳ್ಳಿ. ಕ್ಯಾಪಿನ ಮುಂಭಾಗ ಸೂರಿನ ಥರ ಹನೀನ ಹೊರಗೇ ಬೀಳಿಸುತ್ತೆ, ತಲೆ ತಿರುಗಿಸಿದ್ರೆ ಟೊಪ್ಪಿನೂ ಜೊತೆಗೇ ತಿರುಗುತ್ತೆ. ಛತ್ರಿ ಬೇಕೇ ಬೇಕು ಅನ್ನೋರು ಒಂದು ತಗೊಳ್ಳಿ, ಮೂರಲ್ಲ.

ಜಾಕೆಟ್ ಬಗ್ಗೆ ಯಾರೂ ಸರಿಯಾಗಿ ಹೇಳಿಲ್ಲ. ಲೇಬಲ್ ಮೇಲೆ ವಾಟರ್ ರೆಸಿಸ್ಟೆಂಟ್ ಅಂತಿದ್ರೆ ಬಿಟ್ಬಿಡಿ, ಅದು ಕಾರಿಂದ ಹೋಟೆಲ್ ಬಾಗ್ಲಿಗೆ ಓಡೋಷ್ಟು ಹೊತ್ತಿಗೆ ಮಾತ್ರ. ವಾಟರ್‌ಪ್ರೂಫ್ ಅಂತಿರ್ಬೇಕು, ಹೊಲಿಗೆ ಮೇಲೆ ಒಳಗಿಂದ ಟೇಪ್ ಅಂಟಿಸಿರ್ಬೇಕು. 10,000 ಮಿಮೀ ಅಂತ ಬರೆದಿರ್ತಾರೆ, ಅಂದ್ರೆ ಆ ಬಟ್ಟೆ ಮೇಲೆ 10 ಮೀಟರ್ ಎತ್ತರಕ್ಕೆ ನೀರು ನಿಲ್ಲಿಸಿದ್ರೂ ತಡ್ಕೊಳುತ್ತೆ ಅಂತ. ಅಷ್ಟೆಲ್ಲ ಯಾಕೆ ಅನ್ನಿಸ್ಬೋದು, ಆದ್ರೆ ಬ್ಯಾಗಿನ ಪಟ್ಟಿ ಭುಜದ ಮೇಲೆ ಒತ್ತೋ ಜಾಗ, ಒದ್ದೆ ಬೆಂಚಿನ ಮೇಲೆ ಕೂರೋ ಜಾಗ, ಅಲ್ಲೇ ಮೊದ್ಲು ಒಳಗೆ ನುಗ್ಗೋದು.

ಇನ್ನೊಂದು, ಹೊರಪದರಕ್ಕೆ ನೀರು ಮಣಿಯಾಗಿ ಉರುಳಿ ಹೋಗೋ ಥರ ಒಂದು ಲೇಪ ಕೊಟ್ಟಿರ್ತಾರೆ. ಕೊಳೆ, ಬೆವರು, ಎಣ್ಣೆ ಹತ್ತಿದ್ರೆ ಅದು ಕೆಲ್ಸ ಮಾಡಲ್ಲ, ಬಟ್ಟೆ ಮೇಲೆ ಕಪ್ಪು ತೇಪೆ ಥರ ನೀರು ಹರಡ್ಕೊಂಡು ಕೂರುತ್ತೆ. ಒಳಗಿನ ಪದರ ಚೆನ್ನಾಗೇ ಇದ್ರೂ ನಿಮ್ಮ ಬೆವರಿನ ಆವಿ ಹೊರಗೆ ಹೋಗಕ್ಕೆ ದಾರಿ ಇರಲ್ಲ, ಒಳಗೇ ನೀರಾಗುತ್ತೆ, ನೀವು ಜಾಕೆಟ್ ಸೋರ್ತಿದೆ ಅಂತ ಅಂಗಡಿಯವನಿಗೆ ಶಾಪ ಹಾಕ್ತೀರ. ನಾನು ಹೊರಡೋ ಹಿಂದಿನ ದಿನ ಚೆನ್ನಾಗಿ ಘಮ್ ಅನ್ಲಿ ಅಂತ ಬಟ್ಟೆ ಮೆತ್ತಗಾಗೋ ಕಂಡೀಷನರ್ ಹಾಕಿ ಒಗೆದೆ. ಘಮ್ ಅಂತೇನೋ ಇತ್ತು. ಗ್ಲೆನ್‌ಕೋಲಿ ಹತ್ತೇ ನಿಮಿಷಕ್ಕೆ ತೋಳು ಸ್ಪಂಜು. ಇದಕ್ಕೇ ಅಂತ ಬರೋ ಸೋಪಲ್ಲಿ ಒಗೀರಿ, ಲೇಬಲ್‌ನಲ್ಲಿ ಸರಿ ಅಂತ ಬರೆದಿದ್ರೆ ಡ್ರೈಯರಲ್ಲಿ ಕಡಿಮೆ ಬಿಸಿಗೆ ತಿರುಗಿಸಿ, ಲೇಪ ಮತ್ತೆ ಏಳುತ್ತೆ.

ಕುತೂಹಲಿ
ಮಧ್ಯೆ ಒಂದು ಹರಟೆ. ಈಗಿನ ಥರದ ರೇನ್‌ಕೋಟು ಹುಟ್ಟಿದ್ದೇ ಆ ಮಳೆ ದೇಶದಲ್ಲಿ. ಚಾರ್ಲ್ಸ್ ಮ್ಯಾಕಿಂಟಾಷ್ ಅಂತ ಗ್ಲಾಸ್ಗೋದ ರಸಾಯನ ತಜ್ಞ, ಗ್ಯಾಸ್ ಕಾರ್ಖಾನೆಯ ಕಸದಿಂದ ಬರ್ತಿದ್ದ ನಾಫ್ತಾದಲ್ಲಿ ರಬ್ಬರ್ ಕರಗಿಸಿ ಎರಡು ಬಟ್ಟೆ ಮಧ್ಯೆ ಮೆತ್ತಿದ, 1823ರಲ್ಲಿ ಪೇಟೆಂಟ್ ಆಯ್ತು. ಚಳಿಗೆ ಹಲಗೆ ಥರ ಸೆಟೆದುಕೊಳ್ತಿತ್ತಂತೆ, ಸೆಕೆಗೆ ಅಂಟ್ತಿತ್ತಂತೆ, ವಾಸನೆ ಬೇರೆ. ಬ್ರಿಟನ್ನಲ್ಲಿ ಈಗ್ಲೂ ರೇನ್‌ಕೋಟಿಗೆ ಮ್ಯಾಕ್ ಅಂತಾರೆ. ನೀರು ಬರ್ದೇ ಇರೋದು ಅವನ ಕಾಲಕ್ಕೇ ಆಗಿತ್ತು, ಬೆವರು ಹೊರಗೆ ಹೋಗೋದು ಮಾತ್ರ ಆಗಿರ್ಲಿಲ್ಲ. ಅದಕ್ಕೆ 1969ರಲ್ಲಿ ಬಾಬ್ ಗೋರ್ ಅನ್ನೋರು ಟೆಫ್ಲಾನ್ ಜಾತಿಯ ವಸ್ತುವನ್ನ ಬಿಸಿ ಮಾಡಿ ಗಬಕ್ಕನೆ ಎಳೆದು ಸೂಕ್ಷ್ಮ ತೂತಿನ ಪದರ ಮಾಡೋವರೆಗೂ ಕಾಯ್ಬೇಕಾಯ್ತು. ಅದೇ ಗೋರ್‌ಟೆಕ್ಸ್.

ಹಳೇಬೂಟು
ಎಲ್ಲಾರೂ ಮೈ ಬಗ್ಗೆನ ಮಾತಾಡಾಕತ್ತೀರಿ, ಕಾಲಿನ ಬಗ್ಗೆ ಯಾರೂ ಹೇಳವಲ್ರಿ. ನೋಡ್ರಿ, ಸ್ಕೈದಾಗ ಫೇರಿ ಪೂಲ್ಸ್ ಅನ್ನೂ ಝರಿ ಕಡೆ, ಕ್ವಿರಾಂಗ್ ಗುಡ್ಡದ ಕಡೆ ನೆಲ ಅಂದ್ರ ನೆಲ ಅಲ್ಲ, ನೀರು ಕುಡದ ಹಾಸಿಗಿ ಇದ್ದಂಗ. ಹಸರ ಕಾಣಸ್ತೈತಿ ಅಂತ ಕಾಲಿಟ್ರ ಹಿಮ್ಮಡ ಮುಳಗತೈತಿ.

ವಾಟರ್‌ಪ್ರೂಫ್ ಬೂಟು ಚಲೋನ, ಖರೆ, ಆದ್ರ ಒಮ್ಮೆ ಮ್ಯಾಲಿಂದ ನೀರು ಒಳಗ ಹೋತಂದ್ರ ಅದು ಹೊರಗ ಬರೂದಿಲ್ಲ, ಕೊಡದಾಗ ಕಾಲಿಟ್ಟಂಗ. ಅದಕ್ಕ ಎರಡು ಜೋಡಿ ಒಯ್ರಿ, ಒಂದು ಕಾಲಿನ ಗಂಟು ಮುಚ್ಚೂ ಬೂಟು, ಒಂದು ಹಗರ ಜಾಳಿಗಿ ಶೂ. ಸಂಜಿಗೆ ಬಂದ ಕೂಡ್ಲೆ ಒಳಗಿನ ಮೆತ್ತಿ ಕಿತ್ತಿ ತಗೀರಿ, ಪೇಪರ್ ಉಂಡಿ ಮಾಡಿ ತುಂಬ್ರಿ, ತಾಸಿಗೊಮ್ಮೆ ಬದಲ ಮಾಡ್ರಿ. ಒಂದ ಪೇಪರ್ ತುಂಬಿ ಮಲಗಿದ್ರ ಅದ ನೀರು ಅಲ್ಲೇ ಇರತೈತಿ, ನೀವು ಪೇಪರ್ ಒದ್ದಿ ಮಾಡಿದಂಗ ಆತು ಅಷ್ಟ. ಹೀಟರ್‌ಗೆ ಹಚ್ಚಿ ಇಡಬ್ಯಾಡ್ರಿ, ತೊಗಲು ಸೀಳತೈತಿ, ಅಂಟು ಬಿಡತೈತಿ. ಉಣ್ಣಿ ಸಾಕ್ಸ್ ನಾಕು ಜೋಡಿ. ಮತ್ತ ಹೊಸ ಬೂಟು ತಗೊಂಡು ಸೀದಾ ವಿಮಾನ ಹತ್ತಬ್ಯಾಡ್ರಿ, ಹದಿನೈದು ದಿನ ಮನಿಯಾಗ ಹಾಕ್ಕೊಂಡು ಅಡ್ಡ್ಯಾಡ್ರಿ.

ಚೀಲಭಾರ
ಪೇಪರ್ ತಾಸಿಗೊಮ್ಮೆ ಬದಲಾಯಿಸೋದು ಗೊತ್ತೇ ಇರ್ಲಿಲ್ಲ. ಥ್ಯಾಂಕ್ಸ್ ರೀ.

ಎರಡು ವಿಷಯ. ಒಂದು, ಅಮ್ಮನ ಸೀರೆ. ಎರಡು, ನಮ್ಮನೆಯವರು ಫೋರ್ಟ್ ವಿಲಿಯಂಗೆ ಹೋಗಿ ಬೆನ್ ನೆವಿಸ್ ಹತ್ತದೇ ಬರೋದಾ ಅಂತಿದಾರೆ. ನಾವು ಕೆಳಗೆ ಕಾಫಿ ಕುಡೀತಾ ಕೂತಿರ್ತೀವಿ, ಅವರಿಗೇನ್ ಬೇಕು?

ಒದ್ದೆಕಾಲು
ಬೆನ್ ನೆವಿಸ್ 1345 ಮೀಟರ್, ಹತ್ತೋದು ಶುರುವಾಗೋದು ಹೆಚ್ಚುಕಮ್ಮಿ ಸಮುದ್ರ ಮಟ್ಟದಿಂದ. ಸಾವಿರ ಮೀಟರ್‌ಗೆ ಸುಮಾರು 6.5 ಡಿಗ್ರಿ ಇಳಿಯುತ್ತೆ ಅಂತ ಲೆಕ್ಕ ಹಾಕಿ. ಕೆಳಗೆ ನೀವು 15ರಲ್ಲಿ ಕಾಫಿ ಕುಡೀತಿದ್ರೆ ಮೇಲೆ ಅವರು 6ರಲ್ಲಿ ಗಾಳಿಗೆ ನಿಂತಿರ್ತಾರೆ, ಗಾಳಿ ಸೇರಿದ್ರೆ ಮೈಗೆ ಸೊನ್ನೆ ಥರ ಅನ್ಸುತ್ತೆ. ಉತ್ತರದ ಕೊರಕಲುಗಳಲ್ಲಿ ಜೂನಲ್ಲೂ ಹಿಮ ಇರುತ್ತೆ. ಗ್ಲೌಸ್, ಉಣ್ಣೆ ಟೋಪಿ, ಮಳೆಗೆ ಮೇಲ್‌ಪ್ಯಾಂಟು, ಹೆಚ್ಚುವರಿ ಫ್ಲೀಸ್ ಒಂದು ಕವರಲ್ಲಿ ಸುತ್ತಿ, ಮ್ಯಾಪು, ದಿಕ್ಸೂಚಿ. ಶಿಖರದ ಹತ್ರ ಮಂಜು ಕವಿದ್ರೆ ದಾರಿ ಕಾಣಲ್ಲ, ಪಕ್ಕದಲ್ಲೇ ಪ್ರಪಾತ. ಊರಿನ ಹವಾಮಾನ ನೋಡಿ ಹೊರಡೋದಲ್ಲ, ಬೆಟ್ಟಕ್ಕೇ ಬೇರೆ ಮುನ್ಸೂಚನೆ ಬರುತ್ತೆ, ಎಂಡಬ್ಲ್ಯುಐಎಸ್ (ಮೌಂಟನ್ ವೆದರ್ ಇನ್ಫರ್ಮೇಷನ್ ಸರ್ವಿಸ್) ಅಂತ ಇದೆ, ಶಿಖರ ಮೋಡದಿಂದ ಹೊರಗಿರೋ ಸಾಧ್ಯತೆ ಶೇಕಡಾ ಇಷ್ಟು ಅಂತ ಕೊಡ್ತಾರೆ. ಅದು ಬೇಡ ಅಂದ ದಿನ ಕಾಫಿಗೆ ಮೂರನೇ ಕಪ್ ಹೇಳಿ.

ಸೀರೆ ವಿಷಯ ನಾನು ಮಾತಾಡಲ್ಲ, ಪೆಟ್ಟು ತಿನ್ನೋಕೆ ಇಷ್ಟ ಇಲ್ಲ.

ಮೋಡಗಣ್ಣಿ
ಸೀರೆ ನಾನು ಹೇಳ್ತೀನಿ. ಎಡಿನ್‌ಬರ್ಗ್‌ನಲ್ಲಿ ಉಡ್ಲಿ, ಕಾಟನ್ ಬೇಡ, ಸಿಂಥೆಟಿಕ್ಕು, ನಾಲ್ಕು ಬೆರಳು ಮೇಲಕ್ಕೆ, ಲಂಗದ ಬದಲು ಥರ್ಮಲ್ ಲೆಗ್ಗಿಂಗ್ಸ್. ಆದ್ರೆ ಸ್ಕೈಯ ಓಲ್ಡ್ ಮ್ಯಾನ್ ಆಫ್ ಸ್ಟೋರ್ ಅನ್ನೋ ಬಂಡೆ ಹತ್ರ, ಫೇರಿ ಪೂಲ್ಸ್ ಹತ್ರ ಆಗಲ್ಲ. ಬರೀ ಚಳಿ ಅಂತಲ್ಲ, ನೆರಿಗೆ ಗಾಳಿಗೆ ಹಾಯಿ ಥರ ಉಬ್ಬುತ್ತೆ, ಒದ್ದೆ ಅಂಚು ಹೆಜ್ಜೆಗೆ ಸಿಕ್ಕುತ್ತೆ, ಇಳಿಜಾರಲ್ಲಿ ಬಿದ್ರೆ ಮಂಡಿ ಹೋಯ್ತು. ಟ್ರೆಕ್ ಪ್ಯಾಂಟಿನ ಮೇಲೆ ಮಂಡಿ ಮುಟ್ಟೋ ಕುರ್ತಾ, ಅದರ ಮೇಲೆ ಜಾಕೆಟ್ಟು, ಮಳೆ ಬಂದ್ರೆ ಮೇಲ್‌ಪ್ಯಾಂಟು. ಮೇಲ್‌ಪ್ಯಾಂಟಿಗೆ ಬದೀಲಿ ಪೂರ್ತಿ ಉದ್ದಕ್ಕೆ ಜಿಪ್ ಇರೋದೇ ತಗೊಳ್ಳಿ, ಬೂಟು ಬಿಚ್ಚದೇ ಹಾಕ್ಬೋದು. ಕಾರಿಗೆ ಒರಗಿ ಒಂಟಿ ಕಾಲಲ್ಲಿ ಕುಣಿಯೋ ವಯಸ್ಸಲ್ಲ ಅದು.

ಆಚೆದಡ
ನಾನು ಇಲ್ಲೇ ಇರೋದು, ಆರು ವರ್ಷ ಆಯ್ತು. ಮೊದ್ಲು ಒಂದು ಕೋರಿಕೆ, ಅದು ಎಡಿನ್‌ಬರ್ಗ್ ಅಲ್ಲ, ಎಡಿನ್‌ಬರಾ. ಬರ್ಗ್ ಅಂದ್ರೆ ಇವರ ಮುಖ ಹಾಲು ಒಡೆದ ಹಾಗಾಗುತ್ತೆ.

ಮಳೆ ಬಗ್ಗೆ ಎಲ್ರೂ ಸರಿಯಾಗೇ ಹೇಳಿದೀರ, ಆದ್ರೆ ಜೂನಲ್ಲಿ ಮಳೆಗಿಂತ ದೊಡ್ಡ ತೊಂದರೆ ಮಿಡ್ಜ್. ಸೊಳ್ಳೆ ಅಲ್ಲ, ಸೊಳ್ಳೆಯ ಮೊಮ್ಮಗನ ಥರ, ಕಣ್ಣಿಗೆ ಒಂದು ಚುಕ್ಕೆ ಅಷ್ಟೆ, ಬರೋದು ಮಾತ್ರ ಸಾವಿರಗಟ್ಲೆ. ಮಳೆ ನಿಂತು, ಗಾಳಿ ನಿಂತು, ಮೋಡ ಮುಚ್ಕೊಂಡು, ಆಹಾ ಎಷ್ಟು ಪ್ರಶಾಂತ ಅಂತ ನೀವು ಕಾರಿಂದ ಇಳೀತೀರಲ್ಲ, ಆ ಹೊತ್ತೇ. ಕಿವಿ ಹಿಂದೆ, ಕೂದಲ ಬುಡ, ಹುಬ್ಬಿನೊಳಗೆ. ಗಾಳಿ ಗಂಟೆಗೆ 11 ಕಿಮೀ ದಾಟಿದ್ರೆ ಅವಕ್ಕೆ ಹಾರಕ್ಕಾಗಲ್ಲ, ಹಾಗಾಗಿ ಇಲ್ಲಿನವರು ಗಾಳಿ ಬೀಸಿದ್ರೆ ಖುಷಿ ಪಡ್ತಾರೆ. ಮುಖಕ್ಕೆ ಹಾಕೋ ಬಲೆ ತಲಾ ಒಂದು, ಸೊಳ್ಳೆ ಪರದೆ ಬಟ್ಟೇಲಿ ಹೊಲಿಸ್ಕೊಂಡು ಬರ್ಬೇಡಿ, ಆ ತೂತಲ್ಲಿ ಇವು ಸಂಸಾರ ಸಮೇತ ಬರ್ತವೆ, ಇದಕ್ಕೇ ಅಂತ ಸಣ್ಣ ಕಣ್ಣಿನದು ಬರುತ್ತೆ, ಇಲ್ಲೇ ತಗೊಳ್ಳಿ. ಹುಳ ಹತ್ರ ಬರದ ಹಾಗೆ ಹಚ್ಕೊಳ್ಳೋಕೆ ಪಿಕಾರಿಡಿನ್ ಅನ್ನೋ ಔಷಧಿ ಇರೋದು ನೋಡಿ. ಡೀಟ್ ಕೂಡ ಕೆಲ್ಸ ಮಾಡುತ್ತೆ, ಆದ್ರೆ ಪ್ಲಾಸ್ಟಿಕ್ ತಿನ್ನುತ್ತೆ, ನನ್ನ ವಾಚಿನ ಪ್ಲಾಸ್ಟಿಕ್ ಗಾಜಿನ ಮೇಲೆ ಇನ್ನೂ ಬೆರಳಚ್ಚು ಇದೆ.

ರಕ್ತ ಹೀರೋ ಉಣ್ಣಿ ಹುಳ ಕೂಡ ಇದೆ, ಉದ್ದ ಹುಲ್ಲಲ್ಲಿ ನಡೆದ್ರೆ ಪ್ಯಾಂಟನ್ನ ಸಾಕ್ಸ್ ಒಳಗೆ ತೂರಿಸಿ, ರಾತ್ರಿ ಮಂಡಿ ಹಿಂದೆ, ಸೊಂಟದ ಹತ್ರ ನೋಡ್ಕೊಳ್ಳಿ. ಅದು ಕಚ್ಚಿದ್ರೆ ಲೈಮ್ ಅನ್ನೋ ಸೋಂಕು ಕಾಯಿಲೆ ಹರಡ್ಬೋದು. ಕೀಳೋಕೆ ಕೊಕ್ಕೆ ಥರದ್ದು ಸಿಗುತ್ತೆ, ಉಗುರಲ್ಲಿ ಹಿಸುಕ್ಬೇಡಿ.

ಯಾರೂ ಹೇಳದೇ ಇರೋದು: ಕಣ್ಣಿಗೆ ಪಟ್ಟಿ. ಜೂನಲ್ಲಿ ಸ್ಕೈಯಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ಸೂರ್ಯ ಹಾಜರ್, ರಾತ್ರಿ ಹತ್ತಾದ್ರೂ ಮುಳುಗಿರಲ್ಲ. ಸನ್‌ಸ್ಕ್ರೀನೂ ಬೇಕು, ನಗಬೇಡಿ. ಆಮೇಲೆ ಪ್ಲಗ್ಗು ಮೂರು ಚೌಕ ಪಿನ್ನಿಂದು, ಅಡಾಪ್ಟರ್ ತನ್ನಿ. ಬೆಟ್ಟದ ಸಂದಿಗಳಲ್ಲಿ ಸಿಗ್ನಲ್ ಇರಲ್ಲ, ಮ್ಯಾಪ್ ಡೌನ್‌ಲೋಡ್ ಮಾಡ್ಕೊಂಡಿರಿ.

ಇನ್ನೊಂದು, ರೂಮಲ್ಲಿ ರೇಡಿಯೇಟರ್ ಮೇಲೆ ಒಣಗಿಸ್ತೀವಿ ಅಂತ ನಂಬ್ಕೊಂಡು ಬರ್ಬೇಡಿ. ಜೂನ್ ಅಂದ್ರೆ ಇವರಿಗೆ ಬೇಸಿಗೆ, ಎಷ್ಟೋ ಮನೇಲಿ ಹೀಟಿಂಗ್ ಆಫ್ ಮಾಡಿರ್ತಾರೆ. ಹಾಸ್ಟೆಲ್‌ಗಳಲ್ಲಿ ಒದ್ದೆ ಬಟ್ಟೆಗೇ ಅಂತ ಬಿಸಿ ಕೋಣೆ ಇರುತ್ತೆ, ಬುಕ್ ಮಾಡೋವಾಗ ಕೇಳಿ.

ದೋಣಿಗಾರ
ಅವರು ಸಣ್ಣ ಮಳೆಗೆ ಸ್ಮರ್ ಅಂತ ಏನೋ ಹೇಳ್ತಾರಲ್ಲ?

ಆಚೆದಡ
ಹೌದು, ಸ್ಮರ್ ಅಂದ್ರೆ ಬೀಳೋದೇ ಗೊತ್ತಾಗದ ಸೋನೆ, ರೆಪ್ಪೆ ಮೇಲೆ ಕೂರುತ್ತೆ. ಡ್ರೀಖ್ ಅಂದ್ರೆ ದಿನವಿಡೀ ಬೂದಿ ಬಣ್ಣ, ಒದ್ದೆ, ಬೇಜಾರು. ಸ್ಮರ್ ದಿನವೇ ಜನ ಜಾಸ್ತಿ ನೆನೆಯೋದು, ಇದೇನ್ ಮಳೆನಾ ಅಂತ ಜಾಕೆಟ್ ಹಾಕ್ಕೊಳ್ಳಲ್ಲ.

ಗಾಳಿಮಾತು
ಬಟ್ಟೆ ಒಣಗಿಸೋ ಉಪಾಯ ಒಂದು: ಹಿಂಡಿದ ಅಂಗೀನ ಒಣ ಟವೆಲ್ ಮೇಲೆ ಹಾಸಿ, ಚಾಪೆ ಥರ ಸುತ್ತಿ, ಮೇಲೆ ನಿಂತ್ಕೊಂಡು ತುಳೀರಿ. ಅರ್ಧ ನೀರು ಟವೆಲ್ಲಿಗೆ ಹೋಗುತ್ತೆ. ಮೂರು ಮೀಟರ್ ನೈಲಾನ್ ಹಗ್ಗ, ನಾಲ್ಕು ಕ್ಲಿಪ್ ಮರೀಬೇಡಿ. ಬ್ಯಾಗಿಗೆ ಹೊರಗಿಂದ ಹಾಕೋ ಮಳೆ ಕವರ್ ಗಾಳಿಗೆ ಹಾರಿಹೋಗುತ್ತೆ, ಒಳಗೇ ಒಂದು ದಪ್ಪ ಕಸದ ಚೀಲ ಹಾಕಿ ಅದರೊಳಗೆ ಬಟ್ಟೆ ಇಡಿ.

ಕುತೂಹಲಿ
ಕ್ಯಾಮೆರಾ ಇದ್ರೆ ಹೊರಗಿನ ಚಳಿಯಿಂದ ಬಿಸಿ ಹೋಟೆಲ್ ಒಳಗೆ ಹೋಗೋ ಮೊದ್ಲೇ ಜಿಪ್‌ಲಾಕ್ ಕವರ್‌ಗೆ ಹಾಕಿ ಗಾಳಿ ತೆಗೆದು ಮುಚ್ಚಿ. ಇಲ್ಲಾಂದ್ರೆ ಲೆನ್ಸ್ ಒಳಗೆ ಬೆವರುತ್ತೆ. ಕವರ್ ಮೇಲೆ ಕೂರೋ ನೀರು ಕವರ್ ಮೇಲೇ ಇರುತ್ತೆ.

ಚೀಲಭಾರ
ಹೋಗಿ ಬಂದ್ವಿ! ಸುಮ್ನೆ ಮಾಯ ಆಗ್ಬಾರ್ದು ಅಂತ ಬರೀತಿದೀನಿ.

ಬಾತ್‌ರೂಮ್ ಪರೀಕ್ಷೆ ಮಾಡಿದೆ. ಮೂವತ್ತೆರಡು ಬಟ್ಟೇಲಿ ಹನ್ನೊಂದು ಪಾಸ್. ಸೂಟ್‌ಕೇಸು ಮೂರಿಂದ ಎರಡಾಯ್ತು, ಎರಡೂ ಸೇರಿ 27 ಕೆಜಿ. ಕೋಟು ಬಿಟ್ಟೋದೆ, ಹೊಟ್ಟೆ ಉರೀತು, ಎಡಿನ್‌ಬರಾದಲ್ಲಿ (ನೋಡಿ ಸರಿಯಾಗಿ ಬರ್ದೆ) ಮೂರು ದಿನವೂ ಚಿನ್ನದಂಥ ಬಿಸಿಲು, ಎಲ್ರೂ ಕೋಟು ಹಾಕ್ಕೊಂಡು ಫೋಟೋ ತೆಗೆಸ್ಕೊಳ್ತಿದ್ರು. ಒದ್ದೆಕಾಲು ಅವರನ್ನ ಅವತ್ತು ಸ್ವಲ್ಪ ಬೈದೆ. ಗ್ಲೆನ್‌ಕೋ ತಲುಪಿದ ಮೇಲೆ ವಾಪಸ್ ತಗೊಂಡೆ.

ಬೆನ್ ನೆವಿಸ್ ಆಗ್ಲಿಲ್ಲ, ಶಿಖರ ಕಾಣೋ ಸಾಧ್ಯತೆ ಶೇ 10 ಅಂತ ಬಂತು, ನಮ್ಮನೆಯವರು ಮುಖ ಉಬ್ಬಿಸ್ಕೊಂಡು ಮೂರನೇ ಕಪ್ ಕುಡಿದ್ರು. ಸ್ಕೈಯಲ್ಲಿ ನಾಲ್ಕು ದಿನಕ್ಕೆ ಮೂರು ದಿನ ಮಳೆ, ಅದೂ ಇಪ್ಪತ್ತು ನಿಮಿಷ ಸುರಿಯೋದು, ಇಪ್ಪತ್ತು ನಿಮಿಷ ಬಿಡೋದು. ಮನೇಲಿ ಹೀಟಿಂಗ್ ನಿಜವಾಗ್ಲೂ ಆಫ್! ಟವೆಲ್ ಮೇಲೆ ದಿನಾ ರಾತ್ರಿ ಕುಣಿದ್ವಿ. ತಂದು ತರದ ಹಾಗಾಗಿದ್ದು ಛತ್ರಿ ಒಂದೇ, ಒಂದ್ಸಲವೂ ಬಿಚ್ಚಲಿಲ್ಲ. ಕಮ್ಮಿ ಬಿದ್ದಿದ್ದು ಗ್ಲೌಸು, ಅಮ್ಮಂದೂ ನಂದೂ ಸೇರಿ ಒಂದೇ ಜೊತೆ, ತಲಾ ಒಂದು ಕೈ ಹಾಕ್ಕೊಂಡು ಇನ್ನೊಂದು ಕೈ ಜೇಬಲ್ಲಿ.

ಮಿಡ್ಜ್ ಸಿಕ್ಕಿದ್ದು ಸ್ಲಿಗಾಹನ್ ಹಳೇ ಸೇತುವೆ ಹತ್ರ, ಮಳೆ ನಿಂತ ಐದು ನಿಮಿಷಕ್ಕೆ. ನಾವಿಬ್ರೂ ಕೆನ್ನೆ ಬಾರಿಸ್ಕೊಳ್ತಾ ಕಾರಿಗೆ ಓಡಿದ್ವಿ, ಅಮ್ಮ ಮಾತ್ರ ಮುಖಕ್ಕೆ ಬಲೆ, ಮೇಲ್‌ಪ್ಯಾಂಟು, ಮೇಲೆ ಕ್ಯಾಪು ಹಾಕ್ಕೊಂಡು ಸೇತುವೆ ಮಧ್ಯ ನಿಂತು ಇನ್ನೊಂದು ಫೋಟೋ ತೆಗಿ ಅಂದ್ರು. ಆ ಬದಿ ಜಿಪ್ಪಿನ ಮೇಲ್‌ಪ್ಯಾಂಟನ್ನ ಅಮ್ಮ ಇನ್ನೂ ನನಗೆ ವಾಪಸ್ ಕೊಟ್ಟಿಲ್ಲ, ಗಿಡಕ್ಕೆ ನೀರು ಹಾಕೋವಾಗ ಸೀರೆ ಬೇಡ ಇದೇ ಸರಿ ಅಂತಿದಾರೆ.